ಮೂಗು ಮಾಡೋ ಕೆಲಸ

ಕಾದ ನೀರಿಗೆ ವಾಸನಿ ಇರಾಂಗಿಲ್ಲ ಅಂತ ಯಾರು ಹೇಳಿದ್ರೋ ಏನೋ, ಅವರು ದಿನಾಪೂರ್ತಿ ನೀರು ಕಾಸಿದ ಮಂದಿ ಅಲ್ಲ ಬಿಡ್ರಿ. ಮೊನ್ನೆ ಹುಬ್ಬಳ್ಳಿಗೆ ನನ್ನ ತಮ್ಮನ ಮೊಮ್ಮಗನ್ನ ನೋಡಾಕ ಹೋಗಿದ್ದೆ. ಸಣ್ಣ ಹುಡುಗ, ಇನ್ನೂ ಸಾಲಿಗೆ ಹಾಕಿಲ್ಲ. ಗಂಟಲದಾಗ ತೂತು ಮಾಡಿ ಪ್ಲಾಸ್ಟಿಕ್ ನಳಿಗಿ ಇಟ್ಟಾರ, ಉಸಿರೆಲ್ಲಾ ಅದರಾಗ. ಹಾಸಿಗಿ ಬಾಜೂಕ ಒಂದು ಮಶಿನ್ನು. ಅದರ ಹೊಟ್ಟ್ಯಾಗ ನೀರು, ನೀರಿನ ಕೆಳಗ ಕಾಯೋ ತಟ್ಟಿ, ಅಲ್ಲಿಂದ ಒಂದು ಪೈಪು ನೆಟ್ಟಗ ಹುಡುಗನ ಕೊಳ್ಳಿಗೆ. ಎಷ್ಟು ಬಿಸಿ ಬೇಕೋ ಅಷ್ಟು, ಎಷ್ಟು ತೇವ ಬೇಕೋ ಅಷ್ಟು. ನೀರು ಕಡಿಮಿ ಆದ್ರ ತಾನ ಕೂಗತೈತಿ. ಹುಡುಗನ ತಾಯಿ ನನ್ನ ಬಾಜೂಕ ಕುಂತು, ಗಾಳಿಗೆ ತೇವ ಯಾಕ ಬೇಕು ಅನ್ನೋದನ್ನ ಬಿಡಿಸಿ ಬಿಡಿಸಿ ಹೇಳಿದ್ಳು. ನಾನು ಬಾಯಿ ತೆರಕೊಂಡು ಕೇಳಿದೆ. ಮುದುಕ್ಯಾರು ಹಂಗ ಕೇಳಿದ್ರ ಹುಡುಗೂರಿಗೆ ಖುಷಿ. ಆದ್ರ ಆ ಕಾದ ನೀರಿನ ವಾಸನಿ ಮೂಗಿಗೆ ಬಡದದ್ದ ತಡ, ನಾನು ಹುಬ್ಬಳ್ಳ್ಯಾಗ ಇರಲಿಲ್ಲ. ಸವಣೂರಿನ ನಮ್ಮ ಹಳೇ ಮನಿ ನಡುಖೋಲ್ಯಾಗ, ಕಿಟ್ಲಿ ಮುಂದ ಕುಂತಿದ್ದೆ.

ನನಗೊಬ್ಬಾಕಿ ಮಗಳಿದ್ಳು, ಕಸ್ತೂರಿ ಅಂತ. ಎಪ್ಪತ್ತರ ದಶಕ ಮುಗಿಯಾಕ ಬಂದಾಗಿನ ಮಾತು. ಆಕಿಗೆ ಗಂಟಲಮಾರಿ ಬಡೀತು. ಶಿಗ್ಗಾವಿ ದವಾಖಾನ್ಯಾಗ ತೋರಿಸಿದ್ರ, ಇಲ್ಲೆ ನಿಂದರಬ್ಯಾಡ್ರಿ, ಇದ ಬಸ್ಸಿಗೆ ಹುಬ್ಬಳ್ಳಿಗೆ ನಡೀರಿ ಅಂದ್ರು. ಅಲ್ಲಿ ಕೊಳ್ಳಾಗ ತೂತು ಕೊರದು ಬೆಳ್ಳಿ ಬಣ್ಣದ ನಳಿಗಿ ಹಾಕಿದ್ರು, ಕೂಸು ಉಳೀತು. ಆದ್ರ ಒಳಗಿನ ಹಾದಿ ಮಾಯುವಾಗ ಸಣ್ಣದಾಗಿಬಿಟ್ಟಿತ್ತು. ನಳಿಗಿ ತಗಿಯೋಹಂಗಿಲ್ಲ, ದೊಡ್ಡಾಕಿ ಆಗಲಿ ನೋಡೋಣು ಅಂದ್ರು. ಮನಿಗೆ ಕಳಿಸೋ ದಿನ ಡಾಕ್ಟರು ನನ್ನ ಕರದು ಹೇಳಿದ ಮಾತು ಇನ್ನೂ ಕಿವ್ಯಾಗೈತಿ.

"ಗಾಳೀನ ಬೆಚ್ಚಗ ಮಾಡಿ, ಹಸಿ ಮಾಡಿ ಎದಿಗೆ ಕಳಸೋದು ಮೂಗು. ನಿನ್ನ ಮಗಳಿಗೆ ಈಗ ಮೂಗು ಇದ್ದೂ ಇಲ್ಲ. ಒಣಗಾಳಿ ಹೋತಂದ್ರ ಕಫ ಹಕ್ಕಳಿಗಟ್ಟಿ ನಳಿಗಿ ಮುಚ್ಚತೈತಿ. ಮೂಗು ಮಾಡೋ ಕೆಲಸ ಇನ್ನ ನೀನ ಮಾಡಬೇಕವಾ."

ಅಲ್ಲೀತನಕ ಮೂಗು ಅಂದ್ರ ನತ್ತು ಇಡಾಕ, ನೆಗಡಿ ಬಂದ್ರ ಸೀನಾಕ ಅಂತ ತಿಳಕೊಂಡಾಕಿ ನಾನು. ಆ ಕೆಲಸ ಕೈಗೆ ಬಂದ ಮ್ಯಾಲ ಗೊತ್ತಾತು, ಮೂಗು ಹಗಲೂ ರಾತ್ರಿ ಸೂಟಿ ಇಲ್ಲದ ದುಡೀತೈತಿ ಅಂತ. ಚಾದಂಗಡಿಯವರ ಹಳೇ ಕಿಟ್ಲಿ ಬೇಡಿಕೊಂಡು ತಂದ್ವಿ. ಕಲಾಯಿ ಹಚ್ಚೋ ಸಾಬರು ಅದರ ಮೂತಿಗೆ ಉದ್ದನ್ನ ತಗಡಿನ ಕೊಳವಿ ಬೆಸದು ಕೊಟ್ರು. ಚಿಮಣಿ ಎಣ್ಣಿ ಸ್ಟೋ ಮ್ಯಾಲ ಕಿಟ್ಲಿ, ಒಂದು ಮಾರು ದೂರ ಕೂಸಿನ ಹಾಸಿಗಿ, ಕೊಳ್ಳಿಗೆ ತೆಳ್ಳನ ಹಸಿ ಅರಿವಿ. ಹತ್ತಿರ ಇಟ್ರ ಸುಡತೈತಿ, ದೂರ ಇಟ್ರ ಮುಟ್ಟಾಂಗಿಲ್ಲ. ಉಗಿ ಹೇಳಿದಂಗ ಕೇಳೋ ಪೈಕಿ ಏನು? ಕೊಳವಿ ಬಿಟ್ಟದ್ದ ತಡ ಜಂತಿ ಕಡೆ ಓಡತಿತ್ತು. ನಾನು ಬೀಸಣಿಗಿ ಹಿಡಕೊಂಡು ಅದನ್ನ ಕೆಳಗ ಕರೀತಿದ್ದೆ. ನಡುನಡುವ ನಳಿಗಿ ಒಳಗಿನ ಸಣ್ಣ ನಳಿಗಿ ತಗದು, ಕುದಿಸಿ, ಅರಿವಿ ಬತ್ತಿ ಹಾಕಿ ತಿಕ್ಕಿ, ಮತ್ತ ಕೂಡಸೋದು. ಊರಾಗ ಆ ಕೆಲಸ ಬರ್ತಿದ್ದದ್ದು ನನಗೊಬ್ಬಾಕಿಗೆ.

ಮನ್ಯಾಗ ಯಾವಾಗ ನೋಡಿದ್ರೂ ಕಿಟ್ಲಿ ಕುದಿಯೋದು ಅಂದ್ರ ಮಂದಿಗೆ ಏನು ಅನ್ನಿಸಬೇಕು? ಹಾನಗಲ್ಲಿಂದ ನಮ್ಮ ತವರಮನಿ ಕಡೆ ಹಿರ್ಯಾರೊಬ್ಬರು ಬಂದು, ಚಾ ಇನ್ನೇನು ಬರತೈತಿ ಅಂತ ಕುಂತ್ರು, ಕುಂತ್ರು. ಕಡೀಕ, "ನಿಮ್ಮ ಊರಾಗ ಚಾ ಭಾಳ ಕುದಸ್ತೀರಿ ಬಿಡ್ರಿ" ಅಂತ ಎದ್ದ್ರು. ಕಸ್ತೂರಿ ಹೊಟ್ಟಿ ಹಿಡಕೊಂಡು ನಕ್ಕಳು. ನಗಿಗೆ ದನಿ ಇರಲಿಲ್ಲ. ಭುಜ ಅಲುಗೋದ ನೋಡಿ ನಾನು ಕೂಸು ನಗಾಕತ್ತೈತಿ ಅಂತ ತಿಳಕೊಳ್ಳತಿದ್ದೆ. ಮಾತಾಡಬೇಕಂದ್ರ ಆಕಿ ತೂತಿನ ಮ್ಯಾಲ ಬೆರಳಿಟ್ಟು, ಎಲ್ಲಾ ಬಲ ಕೂಡಿಸಿ ಒಂದು ಮಾತು ಹೊರಗ ಹಾಕತಿದ್ಳು. ಅದಕ್ಕ ಆಕಿ ಬರೇ ಬೇಕಾದ್ದನ್ನ ಅಷ್ಟ ಮಾತಾಡತಿದ್ಳು.

ಹಸಿಗಾಳಿ ಸಂಗತಿ ನಮ್ಮ ಮನಿಯವರಿಗೆ ನನಗಿಂತ ಮೊದಲ ತಿಳದಿತ್ತು. ಅವರು, ಅವರ ಅಣ್ಣ ಕೂಡಿ ಎಲಿತ್ವಾಟ ಮಾಡತಿದ್ರು. ಸವಣೂರಿನ ವೀಳ್ಯದೆಲಿ ನಿಮಗ ಗೊತ್ತ ಇರಬೇಕು. ಒಣಗಾಳಿ ಬಡದ್ರ ಆ ಎಲಿ ಅಂಚು ಸುಡತೈತಿ. ಕೊಯ್ದ ಮ್ಯಾಲೂ ನೀರು ಚಿಮುಕಿಸಿ ಹಸಿ ಗೋಣಿತಟ್ಟಿನಾಗ ಸುತ್ತಿ ಇಡಬೇಕು. ಬ್ಯಾಸಿಗಿ ಬಂದು ಮನಿಯೆಲ್ಲಾ ಹಂಚಿನಂಗ ಕಾದು, ಕಿಟ್ಲಿ ಉಗಿ ಸಾಲದಾದಾಗ, ಇವರು ಒಂದು ದಿನ ಕೂಸಿನ್ನ ಹೆಗಲಮ್ಯಾಲ ಕುಂದ್ರಿಸಿಕೊಂಡು ತ್ವಾಟಕ್ಕ ಒಯ್ದ್ರು. ಬಳ್ಳಿ ನೆರಳು, ಕಾಲುವಿ ತುಂಬ ನೀರು, ಬೆಚ್ಚಗಿನ ಹಸಿ ಗಾಳಿ. ನಾನೂ ಹಿಂದ ಹೋಗಿದ್ದೆ. ಕಸ್ತೂರಿ ಸುತ್ತೆಲ್ಲಾ ನೋಡಿ, ಬೆರಳಿಟ್ಟು ಅಂದ್ಳು: "ಅವ್ವಾ, ಇಲ್ಲೆ ಗಾಳಿ ಮೆತ್ತಗೈತಿ." ಆ ಬ್ಯಾಸಿಗಿ ಹಗಲೆಲ್ಲಾ ತ್ವಾಟ, ಮುಂಜಾನಿ ಸಂಜಿ ಕಿಟ್ಲಿ. ನಳಿಗಿ ಹಕ್ಕಳಿಗಟ್ಟೋದು ಅಪರೂಪ ಆತು. ನನ್ನ ಜಲ್ಮದಾಗ ಅಷ್ಟು ಸುಖದ ದಿನ ಮತ್ತ ಬರಲಿಲ್ಲ.

ಎಲಿತ್ವಾಟಕ್ಕ ಒಂದು ರೀತಿ ಐತಿ. ಬಳ್ಳಿ ಅಂದ್ರ ಲಕ್ಷ್ಮಿ. ಚಪ್ಪಲಿ ಬೇಲಿ ಹೊರಗ ಬಿಡಬೇಕು. ಹೆಣ್ಣಮಕ್ಕಳು ಹೊರಗಾದಾಗ, ಅಂದ್ರ ತಿಂಗಳ ಮುಟ್ಟಿನಾಗ, ಒಳಗ ಕಾಲಿಡೋಹಂಗಿಲ್ಲ; ಇಟ್ರ ಬಳ್ಳಿ ಬಾಡತೈತಿ ಅಂತ. ಮನ್ಯಾಗ ನಾವು ಅಂಥಾದ್ದೇನೂ ಪಾಳಸ್ತಿದ್ದಿಲ್ಲ, ಒಲಿ ಮುಂದ ನಾನ ಇರ್ತಿದ್ದೆ. ತ್ವಾಟಕ್ಕ ಮಾತ್ರ ಆ ದಿನಗಳಾಗ ಬುತ್ತಿ ಬೇಲಿ ಹೊರಗ ಇಟ್ಟು, ಅಲ್ಲಿಂದ ಕೂಸಿನ ಮುಖ ನೋಡಿ ಬರ್ತಿದ್ದೆ.

ಅಂಥಾ ಒಂದು ಮಧ್ಯಾಹ್ನ ಬುತ್ತಿ ಇಟ್ಟು ನೋಡತೇನಿ, ಕಸ್ತೂರಿ ಬಳ್ಳಿ ಬುಡದಾಗ ಕುಂತು ಎರಡೂ ಕೈಲೆ ನೆಲ ಬಡ್ಯಾಕತ್ತಾಳ. ತುಟಿ ನೀಲಿ. ಇವರು ಆ ತುದ್ಯಾಗ ನೀರು ತಿರುವಾಕ ಹೋಗಿದ್ರು. ನನಗ ಮುಟ್ಟೂ ನೆನಪಾಗಲಿಲ್ಲ, ಲಕ್ಷ್ಮೀನೂ ನೆನಪಾಗಲಿಲ್ಲ. ಕಾಲಾಗಿನ ಚಪ್ಪಲಿ ಸುದ್ದಾ ಓಡಿದೆ. ಒಳಗಿನ ನಳಿಗಿ ಕಿತ್ತು ತಗದು, ತೂತಿಗೆ ಬಾಯಿ ಹಚ್ಚಿ ಎಳದು ಉಗುಳಿದೆ. ಮತ್ತ ಎಳದೆ. ಸುಂಯ್ ಅಂತ ಗಾಳಿ ಬಂತು. ಕೂಸಿನ್ನ ಅವುಚಿಕೊಂಡು ತಲಿ ಎತ್ತಿದ್ರ, ಇವರ ಅಣ್ಣ ನಿಂತಿದ್ರು. ಅವರು ಕೂಸಿನ ಕಡೆ ನೋಡಲಿಲ್ಲ. ಬೇಲಿ ಹೊರಗಿದ್ದ ಬುತ್ತಿ ನೋಡಿದ್ರು, ನನ್ನ ಚಪ್ಪಲಿ ನೋಡಿದ್ರು.

ಆ ಮಳಿಗಾಲದಾಗ ಬಳ್ಳಿ ಬುಡ ಕರ್ರಗಾಗಿ ಕೊಳ್ಯಾಕ ಹತ್ತಿತು. ಸಾಲುಸಾಲು ಬಳ್ಳಿ ಹೋದವು. ಹಳ್ಳದ ಆಚಿ ತ್ವಾಟಕ್ಕೂ ಅದ ರೋಗ ಬಂದಿತ್ತು. ಅಲ್ಲಿ ಯಾರು ಹೊರಗಾಗಿ ಹೊಕ್ಕಿದ್ರು, ಹೇಳ್ರಿ? ಆದ್ರ ಕೇಳೋರಾರು. ಭಾವನೋರು ಪಡಸಾಲ್ಯಾಗ ಎಲ್ಲಾರ ಮುಂದ ಹೇಳಿದ್ರು, ಇನ್ನ ತಾಯಿನೂ ಬ್ಯಾಡ, ಮಗಳೂ ಬ್ಯಾಡ, ತ್ವಾಟದ ಮಣ್ಣು ತುಳಿಯೋಹಂಗಿಲ್ಲ ಅಂತ. ನಾನು ನಮ್ಮ ಮನಿಯವರ ಕಡೆ ನೋಡಿದೆ. ಆ ಗಾಳಿ ಕೂಸಿಗೆ ಏನು ಅನ್ನೋದು ಈ ಲೋಕದಾಗ ನನ್ನ ಬಿಟ್ರ ಅವರಿಗೊಬ್ಬರಿಗ ಗೊತ್ತಿತ್ತು. ಅವರು ತಲಿ ತಗ್ಗಿಸಿ ಎಲಿ ಪೆಂಡಿ ಕಟ್ಟಾಕತ್ತಿದ್ರು. ಕಟ್ಟಿದ್ದ ಪೆಂಡೀನ ಬಿಚ್ಚಿ ಮತ್ತ ಕಟ್ಟಿದ್ರು.

ಮರುವರ್ಷ ಬ್ಯಾಸಿಗಿ ಬಂತು. ಮತ್ತೊಂದು ಕಿಟ್ಲಿ ತಂದೆ, ಖೋಲಿ ತುಂಬ ಹಸಿ ಸೀರಿ ಕಟ್ಟಿದೆ, ನೆಲಕ್ಕ ನೀರು ಹೊಡದೆ. ಸೀರಿ ಕಣ್ಣಮುಂದ ಒಣಗತಿದ್ದವು. ಕಸ್ತೂರಿ ಒಂದ ಮಾತು ಕೇಳತಿದ್ಳು, ಬೆರಳಿಟ್ಟು, ದಮ್ಮು ಹತ್ತಿ: "ತ್ವಾಟಕ್ಕ ಯಾವಾಗ?" ನಾಳೆ ಅಂತಿದ್ದೆ. ಮಳಿ ಬರಲಿ ಅಂತಿದ್ದೆ. ಒಂದು ಮಧ್ಯಾಹ್ನ ನಳಿಗಿ ಮುಚ್ಚಿತು. ತಗದೆ, ಬಾಯಿ ಹಚ್ಚಿ ಎಳದೆ. ಹಕ್ಕಳಿ ಒಳಗೆಲ್ಲೋ ಆಳದಾಗ ಕುಂತಿತ್ತು. ಎಳದೆ, ಎಳದೆ. ಆವತ್ತು ಗಾಳಿ ಬರಲಿಲ್ಲ. ಕಿಟ್ಲಿ ಎರಡೂ ಕುದಿಯಾಕತ್ತಿದ್ದವು, ಆರಿಸಾಕ ಯಾರಿಗೂ ನೆನಪಾಗಲಿಲ್ಲ.

ನಮ್ಮ ಮನಿಯವರು ಆ ಮ್ಯಾಲ ತ್ವಾಟಕ್ಕ ಹೋಗೋದ ಬಿಟ್ರು. ನನಗ ಒಂದು ಮಾತು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಸಂಸಾರ ಮಾಡಿದ್ವಿ, ಗಂಡುಮಕ್ಕಳನ್ನ ಹಡದ್ವಿ, ಜೋಳ ಬಿತ್ತಿದ್ವಿ. ಮಂದಿ ನಮ್ಮನ್ನ ಜಗಳ ಅರಿಯದ ಜೋಡಿ ಅಂತಾರ. ಜಗಳಾಡಾಕರ ಮಾತು ಬೇಕಲ್ಲ!

ಹುಬ್ಬಳ್ಳಿಂದ ಬಂದಾಕಿ ಮೊನ್ನೆ ಇವರ ಮುಂದ ಕುಂತು ಎಲ್ಲಾ ಹೇಳಿದೆ. ಮಶಿನ್ನು ಹೆಂಗ ನೀರು ಕಾಸತೈತಿ, ಹುಡುಗ ಹೆಂಗ ನಿದ್ದಿ ಮಾಡತಾನ ಅಂತ. ಮಶಿನ್ನಿನ ಸಪ್ಪಳಕ್ಕ ಮನಿ ಮಾಲಕ ಬ್ಯಾಸರಾಗಿ ಮನಿ ಬಿಡ್ರಿ ಅಂದಾಗ, ಹುಡುಗನ ಅಪ್ಪ ಬಾಗಲದಾಗ ನಿಂತು, ಸಪ್ಪಳ ನಿಂತ್ರ ನನ್ನ ಮಗನ ಉಸಿರು ನಿಲ್ಲತೈತಿ, ಎಲ್ಲೂ ಹೋಗಾಂಗಿಲ್ಲ ಅಂದನಂತ, ಅದನ್ನೂ ಹೇಳಿದೆ. ಇವರು ಕೇಳಿದ್ರು: "ಹೊರಗಾದಾಗ ಆ ತಾಯಿ ಮಶಿನ್ನು ಮುಟ್ಟತಾಳೇನು?"

"ಮುಟ್ಟತಾಳ."

"ಪುಣ್ಯಾ ಮಾಡಿ ಬಂದಾಳ" ಅಂದ್ರು.

"ಪುಣ್ಯಾ ಅಲ್ರಿ. ಆಕಿ ಗಂಡಗ ಬಾಯಿ ಐತಿ."

ಇಷ್ಟು ವರ್ಷ ಎದ್ಯಾಗ ಇಟ್ಟುಕೊಂಡ ಮಾತು. ಅವರು ಕಣ್ಣಿಗೆ ಧೋತರದ ಚುಂಗು ಒತ್ತಿಕೊಂಡು ಕುಂತ್ರು. ಅಂದುಬಿಟ್ರ ಎದಿ ಹಗರ ಆಗತೈತಿ ಅಂತ ತಿಳಕೊಂಡಿದ್ದೆ, ಆಗಲಿಲ್ಲ. ಇಷ್ಟು ದಿನ ಸಿಟ್ಟರ ಇತ್ತು, ಅದಕ್ಕ ಆತುಕೊಂಡು ಕುಂದ್ರತಿದ್ದೆ. ಈಗ ಅದೂ ಇಲ್ಲ.