ಮೇಷ್ಟ್ರ ದನಿಯಿದ್ದ ಹಾರ್ಡ್ ಡಿಸ್ಕ್

ಕಳೆದ ಮಂಗಳವಾರ ಮಧ್ಯಾಹ್ನ ಒಬ್ಬ ಮನುಷ್ಯನ ದನಿಯನ್ನು ಅಳಿಸಿಹಾಕಲು ಒಂದೇ ಒಂದು ಕ್ಲಿಕ್ ಬಾಕಿಯಿತ್ತು. ಮೌಸ್ ಹಿಡಿದಿದ್ದವಳು ನಾನೇ.

ನಡೆದದ್ದು ಹೇಳುತ್ತೇನೆ, ಕೇಳಿ. ಮೂರು ವರ್ಷದ ಹಿಂದೆ ದೇವಲಾಪುರದ ಹತ್ತಿರದ ಒಂದು ಹಳ್ಳಿಗೆ ನಾಟಕದ ಪ್ರ್ಯಾಕ್ಟೀಸ್ ನೋಡಲು ಹೋಗಿದ್ದೆ. ನಮ್ಮ ಕಡೆ ಗೊತ್ತಲ್ಲ, ಬೆಳಗ್ಗೆ ಡೇರಿಗೆ ಹಾಲು ಹಾಕಿ ಹೊಲಕ್ಕೆ ಹೋದವರು ಸಂಜೆ ಹೊತ್ತಿಗೆ ಪೌರಾಣಿಕ ನಾಟಕದ ರಾಜರಾಗಿರುತ್ತಾರೆ. ಹಾಡು ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಈ ಊರಿನ ಪುಟ್ಟಸ್ವಾಮಿ ಮೇಷ್ಟ್ರ ಮಟ್ಟುಗಳು ಬೇರೆಲ್ಲೂ ಇಲ್ಲ. ಅವರೇ ಕಟ್ಟಿದ್ದು, ಅವರ ಗಂಟಲಲ್ಲೇ ಇದ್ದದ್ದು. ನಾಟಕದ ಅಷ್ಟೂ ಹಾಡನ್ನು ಅವರಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡೆ. ಶ್ರೀರಂಗಪಟ್ಟಣದ ಮನೆಗೆ ಬಂದು, ನನ್ನ ಮ್ಯಾಕ್ ಲ್ಯಾಪ್‌ಟಾಪಿನಿಂದ ಹಾರ್ಡ್ ಡಿಸ್ಕಿಗೆ ತುಂಬಿಸಿ ಬೀರುವಿನಲ್ಲಿಟ್ಟೆ. (ಆಮೇಲೆ ಲ್ಯಾಪ್‌ಟಾಪಿನ ಮೇಲೆ ಕಾಫಿ ಚೆಲ್ಲಿಕೊಂಡು ಅದರ ಕಥೆ ಮುಗಿಸಿದೆ. ಡಿಸ್ಕ್ ಇದೆಯಲ್ಲ ಅಂತ ಚಿಂತೆಯನ್ನೇ ಮಾಡಲಿಲ್ಲ.)

ಈ ಸಲ ಊರವರು ಮತ್ತೆ ಅದೇ ನಾಟಕ ಹಿಡಿದರು. ನಾಟಕಕ್ಕೆ ಇನ್ನು ಹನ್ನೆರಡು ದಿನ ಇದೆ ಅನ್ನುವಾಗ ಜವರಪ್ಪನ ಫೋನು. ಜವರಪ್ಪ ಆ ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನು, ನಾಟಕದಲ್ಲಿ ರಾಜಪಾರ್ಟು.

"ಅಕ್ಕಾ, ಮೇಷ್ಟ್ರಿಗೆ ಗಂಟ್ಲು ಆಪ್ರೇಸನ್ ಆಗೈತೆ. ಜೀವಕ್ಕೇನೂ ತೊಂದ್ರೆ ಇಲ್ಲ, ಆದ್ರೆ ದನಿನೇ ನಿಂತೋಯ್ತು ಕಣಕ್ಕ. ಆರ್ಮೋನಿಯಂ ನುಡಿಸ್ತಾರೆ, ಆಡಕ್ಕಾಗಕಿಲ್ಲ. ಅರ್ಧಕ್ಕರ್ಧ ಜನ ಈ ಸಲ ಹೊಸಬ್ರು. ಮಟ್ಟು ಎಂಗ್ ಕಲ್ಸಾದು? ಅವತ್ತು ನೀವು ರೆಕಾರ್ಡ್ ಮಾಡ್ಕಂಡಿದ್ರಲ್ಲ, ಅದು ಐತಾ?"

"ಭದ್ರವಾಗಿದೆ ಕಣಪ್ಪ" ಅಂದೆ. ಏನು ಜಂಬ ಅಂತೀರಿ!

ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು, ಪಾಂಡವಪುರದ ಮೇಲೆ ಹೋಗುವ ಬಸ್ಸು ಹತ್ತಿ, ನಾಗಮಂಗಲದಲ್ಲಿ ಇನ್ನೊಂದು ಬಸ್ಸು ಹಿಡಿದು ಊರು ಸೇರಿದೆ. ಡೇರಿಯಲ್ಲಿ ಬೆಳಗಿನ ಹಾಲು ಕಳಿಸಿ ಆಗಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು. ನನ್ನನ್ನು ನೋಡಿ ಸದ್ದಿಲ್ಲದೆ ನಕ್ಕರು. ಊರಿಗೆಲ್ಲ ಕೇಳುವಂತೆ ನಗುತ್ತಿದ್ದ ಮನುಷ್ಯ.

ಡೇರಿಯ ಕಂಪ್ಯೂಟರಿಗೆ ಡಿಸ್ಕ್ ಚುಚ್ಚಿದೆ. ಅದು ವಿಂಡೋಸ್. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಯಂತ್ರ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ, ಅಲ್ಲವೇ? ಲೊಕೇಶನ್ ಬೇಕಾ, ತಗೋ. ಕಾಂಟ್ಯಾಕ್ಟ್ಸ್ ಬೇಕಾ, ಅದನ್ನೂ ತಗೋ. ಒಂದು ದಿನವಾದರೂ ಓದಿ ಒತ್ತಿದ್ದೇವಾ? ನಾನೂ ಒತ್ತಲು ಹೊರಟಿದ್ದೆ.

"ಏನಂತಕ್ಕಾ ಅದು?" ಹಾಲಿನ ಕ್ಯಾನು ತೊಳೆಯುತ್ತಿದ್ದ ಜವರಪ್ಪ ಅಲ್ಲಿಂದಲೇ ಕೇಳಿದ.

"ಏನಿಲ್ಲಪ್ಪ, ಫಾರ್ಮ್ಯಾಟ್ ಮಾಡಬೇಕಂತೆ. ಕ್ಲೀನ್ ಮಾಡಿದರೆ ತೆಗೆಯುತ್ತೆ ಅನಿಸುತ್ತೆ."

"ಕ್ಲೀನಾ? ತಡೀರಿ ತಡೀರಿ! ನಾನು ಈ ಕ್ಯಾನ್ ತೊಳೀಬೇಕು ಅಂದ್ರೆ ಒಳಗಿರೋ ಹಾಲ್ನ ಮೊದ್ಲು ಬಗ್ಗುಸ್ಬೇಕು. ಅದ್ರೊಳಗಿರೋ ಮೇಷ್ಟ್ರು ಎಲ್ಗೋಯ್ತಾರೆ?"

ನನ್ನ ಕೈ ಅಲ್ಲೇ ನಿಂತಿತು. ಬೇಡ ಅನ್ನುವುದನ್ನು ಒತ್ತಿ ಡಿಸ್ಕ್ ಕಿತ್ತುಕೊಂಡೆ. ಎರಡು ಡಿಗ್ರಿ ಇದೆ ನನಗೆ, ಹತ್ತು ವರ್ಷದಿಂದ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದೇನೆ. ಕೇಳಬೇಕಾದ ಪ್ರಶ್ನೆ ಹೊಳೆದದ್ದು ಕ್ಯಾನು ತೊಳೆಯುವವನಿಗೆ. ನಾಚಿಕೆಯಾಗದೆ ಇರುತ್ತದೆಯೇ?

ವಿಷಯ ಇಷ್ಟೇ. ಮ್ಯಾಕ್‌ಗೆಂದು ಫಾರ್ಮ್ಯಾಟ್ ಮಾಡಿದ, ಅಂದರೆ ಮ್ಯಾಕ್ ಓದುವ ಹಾಗೆ ಅಣಿಮಾಡಿದ ಡಿಸ್ಕನ್ನು ಓದಲು ವಿಂಡೋಸ್‌ಗೆ ಬರುವುದಿಲ್ಲ. ತನಗೆ ಓದಲು ಬಾರದ್ದನ್ನು ಖಾಲಿ ಮಾಡಲೇ ಅನ್ನುತ್ತದೆ. (ಅಂಥ ಮನುಷ್ಯರೂ ಇದ್ದಾರೆ, ಈಗ ಹೆಸರು ಬೇಡ.) ಹೂಂ ಅಂದಿದ್ದರೆ ಮಟ್ಟುಗಳೆಲ್ಲ ಹೋಗಿರುತ್ತಿದ್ದವು. ಮತ್ತೆ ಹಾಡಿಸೋಣ ಅಂದರೆ ಯಾರಿಂದ ಹಾಡಿಸುವುದು?

ಮುಂದಿನ ದಾರಿ ತೋರಿಸಿದವರು ಎದುರಿನ ಶಾಲೆಯ ಸುಶೀಲಾ ಟೀಚರ್. ಜವರಪ್ಪ ಕರೆದ ತಕ್ಷಣ ಬಂದರು. "ನಮ್ ಸ್ಕೂಲ್ ಕಂಪ್ಯೂಟ್ರು ಲಿನಕ್ಸು ಮೇಡಂ. ಮ್ಯಾಕ್ ಡಿಸ್ಕು ಕೆಲವನ್ನ ಓದುತ್ತೆ. ಒಂದ್ಸಲ ನೋಡೇ ಬುಡಣ, ತಗಂಡ್ ಬನ್ನಿ" ಅಂದರು.

ಮೇಲೆ ಟವೆಲ್ ಹೊದ್ದುಕೊಂಡಿದ್ದ ಆ ಹಳೇ ಯಂತ್ರ ನೋಡಿ ನಾನು ಮನಸ್ಸಿನಲ್ಲೇ ಮೂಗು ಮುರಿದೆ. ಆನ್ ಆಗುವುದಕ್ಕೇ ಐದು ನಿಮಿಷ. ಫ್ಯಾನಿನ ಸದ್ದು ರಾಗಿ ಮಿಷನ್ನಿನ ಹಾಗೆ. ಡಿಸ್ಕ್ ಚುಚ್ಚಿದರು. ಏನನ್ನೂ ಕೇಳಲಿಲ್ಲ ಅದು, ಸುಮ್ಮನೆ ತೆರೆಯಿತು. ಹಾಡುಗಳೆಲ್ಲ ಸಾಲಾಗಿ ಕೂತಿದ್ದವು. ನನಗೆ ಗಳಗಳ ಅಳು ಬಂದುಬಿಟ್ಟಿತು.

ಟೀಚರ್ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟರು. "ಇದು ಎಕ್ಸ್‌ಫ್ಯಾಟ್ ಫಾರ್ಮ್ಯಾಟು. ಮ್ಯಾಕು, ವಿಂಡೋಸು, ಲಿನಕ್ಸು ಮೂರೂ ಓದ್ತವೆ. ಹೊಸ ಡಿಸ್ಕ್ ತಗಂಡಾಗ, ಖಾಲಿ ಇದ್ದಾಗ್ಲೇ ಇಂಗ್ ಮಾಡ್ಕಂಬುಡಿ" ಅಂತ ಬುದ್ಧಿಯನ್ನೂ ಹೇಳಿದರು. ಜವರಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ. ಟೀಚರ್, ನಿಮಗೆ ಕೈಮುಗಿಯುತ್ತೇನೆ. ಇನ್ನೊಬ್ಬರ ಡಿಸ್ಕನ್ನೂ ಓದುವ ಹಾಗೆ ಆ ಲಿನಕ್ಸನ್ನು ಬರೆದು ಪುಕ್ಕಟೆ ಹಂಚಿದ್ದಾರಲ್ಲ, ಎಲ್ಲೆಲ್ಲಿಯವರೋ ಏನೋ, ಅವರ ಮನೆಮಂದಿಯೆಲ್ಲ ಚೆನ್ನಾಗಿರಲಿ.

ಮೇಷ್ಟ್ರನ್ನೂ ನಾಟಕದ ಹೊಸಬರನ್ನೂ ಕರೆಸಿ, ಶಾಲೆಯಲ್ಲೇ ಮೊದಲ ಹಾಡು ಹಾಕಿದರು. ಮೇಷ್ಟ್ರ ದನಿ ಕೋಣೆ ತುಂಬಿತು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು. ಅತ್ತುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕೈಯೆತ್ತಿ ಹಾಡು ನಿಲ್ಲಿಸಿ ಸ್ಲೇಟಿನಲ್ಲಿ ಬರೆದರು: "ಎರಡನೇ ಸಾಲಲ್ಲಿ ಶ್ರುತಿ ತಪ್ಪಿದ್ದೀನಿ. ಹಂಗೆ ಕಲೀಬೇಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜವರಪ್ಪ ಕಣ್ಣೊರೆಸಿಕೊಂಡು, "ತಿರ್ಗ ಆಕ್ಲಾ ಮೇಷ್ಟ್ರೆ?" ಅಂದ.

ಮೇಷ್ಟ್ರು ಅಂಗೈಯಿಂದ ಸ್ಲೇಟು ಒರೆಸಿದರು. ಮತ್ತೆ ಬರೆದರು: "ನಂದು ಸಾಕು. ಈಗ ನೀನು ಹಾಡು."

ಜವರಪ್ಪ ಹಾಡಿದ. ದನಿ ಒರಟು, ಮಟ್ಟು ಮಾತ್ರ ಅದೇ. ಮೇಷ್ಟ್ರು ಬೆಂಚಿನ ಮೇಲೆ ತಾಳ ಹಾಕುತ್ತಾ ಕೂತರು. ಎರಡನೇ ಸಲ ಹೊಸಬರೂ ದನಿಗೂಡಿಸಿದರು.

ಮೂರು ವರ್ಷ ಈ ಹಾಡುಗಳನ್ನು ಒಬ್ಬರ ಕಿವಿಗೂ ಬೀಳದ ಹಾಗೆ ಬೀರುವಿನಲ್ಲಿ ಇಟ್ಟುಕೊಂಡಿದ್ದ ನಾನು, ಇವನ್ನು ಉಳಿಸಿದವಳು ನಾನೇ ಅಂತ ಯಾವ ಬಾಯಲ್ಲಿ ಹೇಳಿಕೊಳ್ಳಲಿ?