ಆರನೆಯ ಕನೆಕ್ಟಿಂಗ್ ರಾಡು

2005ರ ಮಳೆಗಾಲದಲ್ಲಿ ತುಳಸಿದಾಸ ಹರಿಕಂತ್ರನಿಗೆ ಐವತ್ತಮೂರು ವರ್ಷ. ಬೆಳಂಬಾರದಿಂದ ಬೆಳಗಿನ ಬಸ್ಸು ಹಿಡಿದು ಕಾರವಾರದ ಬೈತಖೋಲ ಬಂದರಿಗೆ ಬರುವುದು, ಬೋಟುಗಳ ಎಂಜಿನ್ ಬಿಚ್ಚಿ ಕಟ್ಟುವುದು, ಕತ್ತಲಾಗುವ ಮೊದಲು ಬಸ್ಸು ಹಿಡಿದು ಮನೆ ಸೇರುವುದು. ಅವನ ಬದುಕು ಇಷ್ಟೇ ಆಗಿ ಬಹಳ ವರ್ಷಗಳಾಗಿದ್ದವು. ಮೀನುಗಾರಿಕೆ ನಿಲ್ಲುವ ಮಳೆಯ ತಿಂಗಳುಗಳಲ್ಲಿ ಬಂದರಿಗೆಲ್ಲ ವಿಶ್ರಾಂತಿ, ಅವನಿಗೆ ಮಾತ್ರ ಬೆನ್ನು ನೆಟ್ಟಗೆ ಮಾಡಲು ಪುರಸೊತ್ತಿರುತ್ತಿರಲಿಲ್ಲ. ಬಲಗಿವಿ ಮಂದವಾಗಿತ್ತು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಹರೆಯದಲ್ಲಿ ಬೋಟಿನ ಡ್ರೈವರನಾಗಿದ್ದಾಗ ನಡುಸಮುದ್ರದಲ್ಲಿ, ಪಿಸ್ಟನ್ನಿನ ಹೊಡೆತವನ್ನು ಕೆಳಗಿನ ಕ್ರ್ಯಾಂಕಿಗೆ ಮುಟ್ಟಿಸುವ ಕನೆಕ್ಟಿಂಗ್ ರಾಡು ಮುರಿದು, ಎಂಜಿನ್ನಿನ ಗೋಡೆ ಸೀಳಿ ಹೊರಬಂದಿತ್ತು. ಕುದಿಯುವ ಎಣ್ಣೆ ಕೈಮೇಲೆ ಬಿದ್ದಿತ್ತು.

ಆ ವರ್ಷ ಸುಭಾಷ ಎಂಬೊಬ್ಬ ಬೋಟು ಮಾಲಕ ಗೋಣಿತಟ್ಟಿನಲ್ಲಿ ಏನನ್ನೋ ಸುತ್ತಿಕೊಂಡು ತುಳಸಿದಾಸನ ಶೆಡ್ಡಿಗೆ ಬಂದ. ಬಿಚ್ಚಿ ನೋಡಿದರೆ ಟರ್ಬೊ. ಗೋವಾದ ಗುಜರಿಯಲ್ಲಿ ಸಿಕ್ಕಿತಂತೆ. ಬಂಗಡೆಯ ಹಿಂಡು ಕಂಡ ಕಡೆಗೆ ಉಳಿದ ಬೋಟುಗಳು ಮೊದಲು ಮುಟ್ಟುತ್ತವೆ, ತನ್ನದು ಹಿಂದೆ ಬೀಳುತ್ತದೆ ಎಂಬುದು ಅವನ ಸಂಕಟ.

"ತುಳಸಣ್ಣ, ಇದನ್ನ ಕೂಡ್ಸಿ ಕೊಡು. ನೂರಿಪ್ಪತ್ತರ ಎಂಜಿನ್ನು ಇನ್ನೂರು ಹೆಚ್‌ಪಿ ಆಗ್ಬೇಕು. ನೂಲು ಹುಣ್ಣಿವೆಗೆ ಬೋಟು ನೀರಿಗಿಳೀಬೇಕು."

"ಟರ್ಬೊ ಕೂಡ್ಸೂದು ಎರಡು ದಿನದ ಕೆಲ್ಸ. ಒಳಗಿನ ಸಾಮಾನು ತಡ್ಕಳ್ಬೇಕಲ್ಲ?"

"ಹೋದ ವರ್ಷ ನೀನೇ ನೋಡಿದ್ದಿ. ರಾಡು, ಪಿಸ್ಟನ್ನು ಎಲ್ಲಾ ಚಲೋ ಅವೆ ಅಂದಿದ್ದಿ."

"ನೂರಿಪ್ಪತ್ತಕ್ಕೆ ಚಲೋ ಅವೆ."

ತುಳಸಿದಾಸನಿಗೆ ಬಾಯಿಬಿಟ್ಟು ವಿವರಿಸುವುದೇ ಆಯಾಸ. ಆದರೂ ಹೇಳಿದ. ಟರ್ಬೊ ಹೆಚ್ಚು ಗಾಳಿ ತುರುಕುತ್ತದೆ, ಹೆಚ್ಚು ಗಾಳಿಗೆ ಹೆಚ್ಚು ಡೀಸೆಲ್ ಉರಿಯುತ್ತದೆ. ಆ ಬೆಂಕಿಯ ಕಾವು ಪಿಸ್ಟನ್ನಿನ ತಲೆಗೆ, ಹೊಡೆತ ಅದರ ಕೆಳಗಿನ ರಾಡಿಗೆ. ಟರ್ಬೊ ಎಂಜಿನ್ನಿನ ಪಿಸ್ಟನ್ನೇ ಬೇರೆ. ಅದರ ಪಿನ್ನು ದಪ್ಪ, ಹಳೆಯ ರಾಡಿನ ಮೇಲಿನ ತೂತಿಗೆ ಹೋಗುವುದಿಲ್ಲ. ಆದ್ದರಿಂದ ಒಂದನ್ನು ಬದಲಿಸಿದರೆ ಇನ್ನೊಂದನ್ನೂ ಬದಲಿಸಬೇಕು, ಆರಕ್ಕೆ ಆರನ್ನೂ. ಸುಭಾಷ ತಲೆ ಕೆರೆದುಕೊಂಡು ಒಪ್ಪಿದ.

ಹಳೆಯ ಪಿಸ್ಟನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ತುಳಸಿದಾಸ ಹುಬ್ಬಳ್ಳಿಗೆ ಹೋದ. ಘಟ್ಟದಲ್ಲಿ ಅದಿರಿನ ಲಾರಿಗಳ ಸಾಲು, ಬಸ್ಸು ತೆವಳುತ್ತಿತ್ತು. ಮೊದಲ ಅಂಗಡಿಯವನು ಬೆಳ್ಳಿಯಂತೆ ಹೊಳೆಯುವ ಪಿಸ್ಟನ್ ತೆಗೆದಿಟ್ಟ. ಮೇಲಿನ ರಿಂಗು ಕೂರುವ ತೋಡಿನಲ್ಲಿ ತುಳಸಿದಾಸ ಉಗುರು ಆಡಿಸಿದ. ಬರೀ ಅಲ್ಯೂಮಿನಿಯಂ. ಅಲ್ಲಿ ಕಬ್ಬಿಣದ ಪಟ್ಟಿ ಇರಬೇಕಿತ್ತು, ಇಲ್ಲದಿದ್ದರೆ ಕಾವಿಗೆ ತೋಡು ಸವೆದು ರಿಂಗು ಸಡಿಲವಾಗುತ್ತದೆ.

"ಎಲ್ಲಾ ಒಂದ ರೀ ಯಜಮಾನ್ರ, ಅಳತಿ ಕೂಡಿದ್ರ ಸಾಕು," ಎಂದ ಅಂಗಡಿಯವನು.

ತುಳಸಿದಾಸ ಚೀಲ ಎತ್ತಿಕೊಂಡು ಹೊರಬಂದ. ನಾಲ್ಕನೆಯ ಅಂಗಡಿಯಲ್ಲಿ ಬೇಕಾದ ಪಿಸ್ಟನ್ ಸಿಕ್ಕಿತು. ತಲೆಯಲ್ಲಿ ಅಗಲವಾದ ಗುಳಿ, ತೋಡಿನಲ್ಲಿ ಕಬ್ಬಿಣದ ಪಟ್ಟಿ, ದಪ್ಪ ಪಿನ್ನು. ರಾಡುಗಳಿಗೆ ಎರಡು ದಾರಿಯಿದ್ದವು: ಹೆಸರಿಲ್ಲದ ಕಂಪನಿಯ ಹೊಚ್ಚಹೊಸವು, ಇಲ್ಲವೆ ಅದೇ ಜಾತಿಯ ದೊಡ್ಡ ಟರ್ಬೊ ಎಂಜಿನ್ನಿನಿಂದ ಬಿಚ್ಚಿದ ಹಳೆಯವು. ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿ ಹಳೆಯವನ್ನೇ ಆರಿಸಿದ. ಅವು ಹೊಡೆತ ತಿಂದು ಬಾಗದೆ ಉಳಿದ ಸಾಮಾನು.

ಬಂದರಿಗೆ ಬಂದು ಅವುಗಳನ್ನು ಒಂದು ಹಗಲು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ. ಒರೆಸಿ ಒಣಗಿಸಿ ಮೇಲೆ ಸೀಮೆಸುಣ್ಣದ ಪುಡಿ ಬಳಿದ. ಬಿರುಕಿದ್ದರೆ ಒಳಗೆ ಕುಡಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಗೆರೆ ಮೂಡುತ್ತದೆ. ಐದು ಬೆಳ್ಳಗೇ ಉಳಿದವು. ಆರನೆಯದರ ಕುತ್ತಿಗೆಯ ಹತ್ತಿರ, ಕೂದಲೆಳೆಯಷ್ಟು ತೆಳ್ಳಗೆ, ಒಂದು ಕಪ್ಪು ಗೆರೆ ಬಂತು.

ಸುಭಾಷ ಬಗ್ಗಿ ನೋಡಿದ. "ಇದೆಂತ ಬಿರುಕು ಮಾರಾಯ? ತರಚಿದ ಗೆರೆ. ಹಾಕು. ಹುಣ್ಣಿವೆಗೆ ಹನ್ನೊಂದೇ ದಿನ ಅದೆ."

"ಇದನ್ನ ಹಾಕೂಕೆ ಬರೂದಿಲ್ಲ."

"ನೀ ಹಾಕದಿದ್ರೆ ಬೇರೆಯವ್ರು ಹಾಕ್ತ್ರು."

ತುಳಸಿದಾಸ ಆ ರಾಡನ್ನು ಎತ್ತಿಕೊಂಡು ಮಳೆಯಲ್ಲೇ ರಸ್ತೆ ದಾಟಿ ಲೇಥಿನವನ ಬಳಿ ಹೋದ. ಅದನ್ನು ನಡುವೆ ಕೊಯ್ಯಿಸಿ, ಎರಡು ತುಂಡು ತಂದು ಸುಭಾಷನ ಮುಂದಿಟ್ಟ. "ಈಗ ಯಾರೂ ಹಾಕೂದಿಲ್ಲ," ಎಂದ.

ಸುಭಾಷ ಬಾಯಿಗೆ ಬಂದಂತೆ ಬೈದು ಹೋದ. ಒಂದು ವಾರ ಶೆಡ್ಡಿನ ಕಡೆ ಸುಳಿಯಲಿಲ್ಲ. ತುಳಸಿದಾಸ ಮತ್ತೆ ಹುಬ್ಬಳ್ಳಿಗೆ ಹೋದ. ಇಡೀ ದಿನ ಗುಜರಿ ತಿರುಗಿ ಒಂದು ರಾಡು ಹುಡುಕಿದ. ಮರಳುವಾಗ ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಳಿದ. ಅಂಕೋಲೆಯ ಕಡೆಗೆ ಇನ್ನೊಂದು ಬಸ್ಸು ಬರುವವರೆಗೆ ಚೀಲದ ಮೇಲೆಯೇ ಕೂತ.

ಮನೆಯಲ್ಲಿ ಹೆಂಡತಿ ಗಂಗೂ ಮೀನು ಮಾರುವ ತಕ್ಕಡಿ ಇತ್ತು. ಆರೂ ರಾಡು ಒಂದೇ ತೂಕ ಇರಬೇಕು, ಇಲ್ಲದಿದ್ದರೆ ಎಂಜಿನ್ ನಡುಗುತ್ತದೆ. ಶೆಡ್ಡಿನಿಂದ ಉಳಿದ ಐದನ್ನೂ ಹೊತ್ತು ತಂದು, ಒಂದು ತಟ್ಟೆಗೆ ಅವುಗಳಲ್ಲೊಂದು, ಇನ್ನೊಂದಕ್ಕೆ ಈಗ ತಂದ ಆರನೆಯದು ಹಾಕಿದ. ಆರನೆಯದು ಕೆಳಗಿಳಿಯಿತು.

"ಕಬ್ಬಿಣದ ನಾತ ತಟ್ಟೆಗೆ ಹತ್ತಿದ್ರೆ ಯಾರು ನನ್ನ ಹತ್ರ ಮೀನು ತಕಂತ್ರು?" ಎಂದಳು ಗಂಗೂ. ಆದರೆ ತಕ್ಕಡಿ ಹಿಡಿದುಕೊಂಡು ನಿಂತಳು. ಅವನು ತುಸು ಅರ ಹಾಕುವುದು, ತೂಗುವುದು, ಮತ್ತೆ ಅರ ಹಾಕುವುದು. ಎರಡು ದಿನ ಹಿಡಿಯಿತು. ಮಡಚದ ಬೆರಳುಗಳಿಂದಾಗಿ ಎಡಗೈ ಬೇಗ ಸೋಲುತ್ತಿತ್ತು.

ಹುಣ್ಣಿವೆ ಕಳೆದು ಮೂರನೆಯ ದಿನ ಎಂಜಿನ್ ಶುರುವಾಯಿತು. ಅಂಜುದೀವು ನಡುಗಡ್ಡೆಯ ಆಚೆ ಹೋಗಿ ಬಂದ ಸುಭಾಷ ಬೋಟಿನಿಂದ ಹಾರಿ ತುಳಸಿದಾಸನ ಎರಡೂ ಕೈ ಹಿಡಿದುಕೊಂಡ. "ತುಳಸಣ್ಣ, ಹಾರ್ತದೆ!" ಎಂದು ಕೂಗಿದ. ಬೈದದ್ದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ತುಳಸಿದಾಸನಿಗೆ ಖುಷಿಯಾಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಎಲ್ಲಾದರೂ ಮಲಗಬೇಕು ಅನ್ನಿಸಿತು.

ಮರುವರ್ಷ ಮಳೆ ಹಿಡಿಯುತ್ತಿದ್ದಂತೆ ಐದು ಮಂದಿ ಮಾಲಕರು ಬಂದರು. ಎಲ್ಲರಿಗೂ ಟರ್ಬೊ ಬೇಕು, ಸುಭಾಷನದಕ್ಕಿಂತ ಹೆಚ್ಚು ಹೆಚ್‌ಪಿ ಬೇಕು. ಆ ಸಂಜೆ ಗಂಗೂ ಖಾಲಿ ಬುಟ್ಟಿ ಮಗುಚಿಟ್ಟು ಹೇಳಿದಳು:

"ಬೆಳಂಬಾರದ ದಂಡೆಗೆ ಈಗ ಬಂಗಡೆ ಬರೂದೇ ಕಮ್ಮಿ. ದೊಡ್ಡ ಬೋಟಿನವ್ರು ಹೊರಗೇ ಬಳ್ಕಂಡು ಹೋಗ್ತ್ರು. ನೀವು ಕಟ್ಟಿದ ಎಂಜಿನ್ನೂ ಅದ್ರಲ್ಲಿ ಅದೆ."

"ನಾ ಕಟ್ಟದಿದ್ರೆ ಇನ್ನೊಬ್ಬ ಕಟ್ತಾನೆ," ಎಂದ ತುಳಸಿದಾಸ. ಹೇಳಿದ ಮೇಲೆ, ಬಿರುಕುಬಿಟ್ಟ ರಾಡಿನ ದಿನ ಸುಭಾಷ ಅಂದದ್ದೂ ಹೆಚ್ಚುಕಡಿಮೆ ಇದೇ ಅಲ್ಲವೇ ಅನ್ನಿಸಿತು.

ಆ ಮಾಲಕರಿಗೆ ಒಪ್ಪಿಕೊಂಡ ಕೆಲಸದಲ್ಲಿ ಎರಡು ಎಂಜಿನ್ ಕಟ್ಟಿದ. ಮೂರನೆಯದನ್ನು ಬಿಚ್ಚುವಾಗ ಬೆನ್ನು ಹಿಡಿದುಕೊಂಡಿತು, ಬೋಟಿನ ಎಂಜಿನ್ ಗುಂಡಿಯಿಂದ ಅವನನ್ನು ಎತ್ತಿಯೇ ಹೊರತರಬೇಕಾಯಿತು. ತಿಂಗಳೊಪ್ಪತ್ತು ಚಾಪೆಯ ಮೇಲೆ ಕಳೆದ. ಎದ್ದವನು ಬಂದರಿಗೆ ಹೋಗಲಿಲ್ಲ. ಕೈಗಾ ಅಣುಸ್ಥಾವರದ ನೌಕರರನ್ನು ಒಯ್ಯುವ ಬಸ್ಸುಗಳನ್ನು ನೋಡಿಕೊಳ್ಳುವ ಗುತ್ತಿಗೆದಾರನ ಕಾರವಾರದ ಶೆಡ್ಡಿನಲ್ಲಿ ಕೆಲಸ ಕೇಳಿ ಸೇರಿದ. ಎಣ್ಣೆ ಬದಲಿಸುವುದು, ಬ್ರೇಕು ನೋಡುವುದು. ಈ ಎಂಜಿನ್ನಿಗೆ ಇನ್ನಷ್ಟು ಶಕ್ತಿ ತುಂಬು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ.

2008ರಲ್ಲಿ ಒಂದು ಬೆಳಿಗ್ಗೆ ಸುಭಾಷ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹುಡುಕಿಕೊಂಡು ಬಂದ. ಇನ್ನೂ ದೊಡ್ಡ ಬೋಟು ಮಾಡಿಸುತ್ತಿದ್ದ.

"ಒಂದೇ ಒಂದು ಎಂಜಿನ್ನು, ತುಳಸಣ್ಣ. ನೀನೇ ಕಟ್ಬೇಕು."

"ಕಟ್ಟೂಕೆ ಆಗೂದಿಲ್ಲ. ಸಾಮಾನು ತಕಂಬಾ, ಇಲ್ಲೇ ನೋಡಿ ಹೇಳ್ತೆ, ಯಾವ್ದು ಹಾಕ್ಬೇಕು, ಯಾವ್ದು ಬ್ಯಾಡ ಅಂತ."

"ಅಷ್ಟೇಯ?"

"ಅಷ್ಟೇ."

ಕಾರವಾರದ ಬಸ್ಸು ಬಂತು. ತುಳಸಿದಾಸ ಹತ್ತಿ ಕಿಟಕಿಯ ಬದಿ ಕೂತ. ಬಸ್ಸು ಊರು ದಾಟುವ ಮೊದಲೇ ಅವನಿಗೆ ನಿದ್ದೆ ಹತ್ತಿತ್ತು.