ಗಂಟಿಲ್ಲದ ಕಸೂತಿ

ನಾನು ಆಗ ರಾಮದುರ್ಗದಾಗ ಸಿಂಪಿಗನ ಅಂಗಡಿ ಇಟ್ಟಿದ್ದೆ. ಒಂದಿನ ಇಂಗು ಮಾರೋ ಕಾಬೂಲಿ ಒಬ್ಬಾಂವ ಹರಿದ ಅಂಗಿ ತಂದ. ಎದಿ ತುಂಬ ಬಿಳಿ ರೇಷ್ಮಿ ಕಸೂತಿ. ಕಂದಹಾರದಾಗ ಅವನ ಹೆಂಡತಿ ಹಾಕಿದ್ದಂತ. ನನ್ನ ಕೈಲೆ ಆಗೂ ಕೆಲಸ ಅಲ್ಲಂತ ಮನಿಗೆ ಒಯ್ದೆ.

ನನ್ನಾಕಿ ಮೊದಲ ಅಂಗಿ ತಿರುವಿ ನೋಡಿದ್ಲು. ನಮ್ಮ ಕಸೂತಿಯಂಗ ಒಳಗೂ ಹೊರಗೂ ಒಂದ ನಮೂನಿ, ಎಲ್ಲೂ ಗಂಟಿಲ್ಲ. "ನನಗ ಸಿಕ್ಕಂಗ ಇಕಿಗೂ ಅರಿವಿ ತಿರುವಿ ನೋಡೂ ಅತ್ತಿ ಸಿಕ್ಕಾಳ," ಅಂದ್ಲು. ಎಳಿ ಎಣಿಸಿ ಎಣಿಸಿ, ಹರಿದದ್ದು ಎಲ್ಲಿ ಅಂತ ತಿಳೀದಂಗ ತುಂಬಿದ್ಲು.

ಅಂಗಿ ಒಯ್ಯಾಕ ಬಂದ ಕಾಬೂಲಿ ಹರಿದ ಜಾಗ ಹುಡುಕಿ ಹುಡುಕಿ ಸೋತ. ಆಮ್ಯಾಲೆ ಅವನ ಮಾರಿ ಸಣ್ಣದಾತು.

"ಭಾಯಿ, ನನ್ನ ಹೆಂಡತಿ ತನ್ನ ಕೈಕೆಲಸದ ಗುರ್ತು ಹಿಡೀತಾಳ. ಇಷ್ಟು ಚಂದ ಯಾವ ಹೆಂಗಸು ಹಾಕಿಕೊಟ್ಲು ಅಂದ್ರ ಏನ ಹೇಳ್ಲಿ? ಒಂದ ಗಂಟರ ಹಾಕ್ರಿ. ಬಜಾರದ ಸಿಂಪಿಗ ಹೊಲಿದಾನ ಅನ್ಲಿ."

ನನ್ನಾಕಿ ಸುತಾರಾಂ ಒಪ್ಪಲಿಲ್ಲ. "ಗಂಟು ಹಾಕೂದು ನನ್ನ ಕೈಗೆ ಬರೂದಿಲ್ಲ."

ಕಡೀಕ ನಾನ ಹಾಕಿದೆ, ಕಡ್ಲಿಕಾಳಿನಷ್ಟು ದಪ್ಪಂದು. ಇಷ್ಟು ವರ್ಷ ಸೂಜಿ ಹಿಡದೇನಿ. ನನ್ನ ಕೆಲಸ ನೋಡಿ ನನ್ನ ಎದಿಗೆ ಅವಚಿಕೊಂಡ ಗಿರಾಕಿ ಅವನೊಬ್ಬನ.